ಭಾಗವತಿಕೆ ರೆಕಾರ್ಡಿಂಗಿಗೆ ಸದ್ದಿಲ್ಲದ ಕಂಪ್ಯೂಟರ್ ಹೇಗೆ?

ಬದಿಯಡ್ಕದವ:
ನಮಸ್ಕಾರ. ಮಹಡಿಯ ಕೋಣೆಯಲ್ಲಿ ಅಪ್ಪನ ಭಾಗವತಿಕೆ ರೆಕಾರ್ಡ್ ಮಾಡುತ್ತಿದ್ದೇನೆ. ಚೆಂಡೆ ಬಾರಿಸುವಾಗ ಏನೂ ಗೊತ್ತಾಗುವುದಿಲ್ಲ. ಅಪ್ಪ ಶ್ರುತಿ ಹಿಡಿದು ಮೆಲ್ಲ ರಾಗ ಎತ್ತಿದರೆ ಸಾಕು, ಹಿಂದೆ ಕಂಪ್ಯೂಟರಿನ ಗುಂಯ್ ಸದ್ದು. ಕೇಳಿಸಿದಾಗ "ಇದೆಂತದು, ಜೇನು ಸಾಕಿದ್ದೀಯಾ?" ಅಂದರು. 9 ವರ್ಷ ಹಳೆಯದು, ಹೊಸತು ಜೋಡಿಸಬೇಕು. ಸೆಕೆ ಬೇರೆ, ರೆಕಾರ್ಡಿಂಗ್ ಹೊತ್ತಿಗೆ ಸೀಲಿಂಗ್ ಫ್ಯಾನೂ ಆಫ್. ಎಂತ ತಗೊಳ್ಳಲಿ?

ಕುಂಬಳೆ ಕಡಲು:
65 ವಾಟಿನ ಪ್ರೊಸೆಸರ್ ಸಾಕು, ರೈಜನ್ 5 7600 ಥರದ್ದು. ಅದರಲ್ಲೇ ಗ್ರಾಫಿಕ್ಸ್ ಉಂಟು. ಬೇರೆ ಕಾರ್ಡು ಬೇಡ, ಅದರ ಫ್ಯಾನೂ ಇಲ್ಲ ಅಲ್ವಾ? ಜೊತೆಗೆ ಬರುವ ಪುಟ್ಟ ಕೂಲರ್ ಬಿಟ್ಟು ದೊಡ್ಡ ಟವರ್ ಕೂಲರ್ ಹಾಕಿ. 120 ಅಥವಾ 140 ಮಿಲಿಮೀಟರ್ ಫ್ಯಾನ್ ನಿಧಾನ ತಿರುಗಿದರೂ ಬೇಕಾದಷ್ಟು ಗಾಳಿ ತಳ್ಳುತ್ತದೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ.

ಮಂಜೇಶ್ವರದ ಮದ್ದಳೆ:
ಫ್ಯಾನೇ ಇಲ್ಲದ್ದು ಬೇಕು ಅಂತ ಸುಮ್ನೆ ಹೋಗಬೇಡಿ. ನಾನು ಹೋಗಿ ಕೆಟ್ಟೆ. ಏಪ್ರಿಲ್ ಸೆಕೆಗೆ ಪ್ರೊಸೆಸರ್ ಬಿಸಿಯಾಗಿ ನಿಧಾನವಾಗುತ್ತಿತ್ತು, ಹಾಡಿನ ಮಧ್ಯೆ ಟಪ್ ಟಪ್ ಅಂತ ಕಡಿಯುತ್ತಿತ್ತು. ಫ್ಯಾನ್ ಇರಲಿ, ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಅದರ ವೇಗ ತಗ್ಗಿಸಿ. ಮತ್ತೆ, ನಿಮ್ಮದು ಕಾರ್ಡಿಯಾಯ್ಡ್ ಮೈಕ್ ಆದರೆ ಅದರ ಬೆನ್ನು ಕಂಪ್ಯೂಟರ್ ಕಡೆ ಇರಲಿ. ಹಿಂದಿನ ಸದ್ದನ್ನು ಅದು ಕಮ್ಮಿ ಹಿಡಿಯುತ್ತದೆ. ಇದಕ್ಕೆ ದುಡ್ಡೂ ಬೇಡ.

ಬದಿಯಡ್ಕದವ:
ಮೈಕ್ ತಿರುಗಿಸಿದೆ ಮಾರಾಯ್ರೆ, ಅರ್ಧ ಜೇನು ಹಾರಿ ಹೋಯಿತು! ಉಳಿದರ್ಧಕ್ಕೆ ಅಡಿಕೆ ಮಾರಿದ ಮೇಲೆ.