ಪದ ವಿಚಾರ: ‘ಕಡೀತೈತಿ’ ಅಂದರೆ ತುರಿಕೆಯೋ, ನೋವೋ?

ಗೆಳೆಯರೇ,

ಮನೆಯಲ್ಲೇ ಪ್ಯಾಲಿಯೇಟಿವ್ ಆರೈಕೆಯಲ್ಲಿರುವ (ಅಂದರೆ ಗಂಭೀರ ಕಾಯಿಲೆಯ ನೋವು, ಸಂಕಟ ತಗ್ಗಿಸುವ ಆರೈಕೆ) ಮಕ್ಕಳ ತಂದೆತಾಯಿಗೆ ಒಂದು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ವೈದ್ಯರಿಗೆ ವಿಡಿಯೋ ಕಾಲ್ ಮಾಡಿದಾಗ ಮಗುವಿನ ನೋವನ್ನು ಹೇಗೆ ಹೇಳಬೇಕು ಅನ್ನೋದು ವಿಷಯ.

ಬಾಗಲಕೋಟೆ ಕಡೆಯ ತಾಯಿಯೊಬ್ಬರು ಫೋನಿನಲ್ಲಿ ‘ರಾತ್ರಿಯೆಲ್ಲಾ ಕಡೀತೈತಿ ಅಂತ ಅಳ್ತಾನ್ರಿ’ ಅಂದರು. ಕೇಳಿಸಿಕೊಂಡ ನರ್ಸ್ ಮಂಡ್ಯ ಕಡೆಯವರು. ಅವರಿಗೆ ಕಡಿತ ಅಂದರೆ ನವೆ, ತುರಿಕೆ. ಹುಡುಗನಿಗೆ ಮಾರ್ಫಿನ್ ಅನ್ನುವ ಬಲವಾದ ನೋವಿನ ಔಷಧಿ ನಡೆಯುತ್ತಿತ್ತು. ಅದರಿಂದ ಕೆಲವರಿಗೆ ಮೈ ತುರಿಸುವುದೂ ಉಂಟು. ಹಾಗಾಗಿ ತುರಿಕೆ ಅಂತಲೇ ಬರೆದುಕೊಂಡರು. ತಾಯಿ ಹೇಳಿದ್ದು ಹೊಟ್ಟೆಯ ಮಾತು. ‘ಹೊಟ್ಟಿ ಕಡಿಯೋದು’ ಅಂದರೆ ಅಲ್ಲಿ ಹೊಟ್ಟೆ ಹಿಂಡಿದ ಹಾಗೆ ನೋಯುವುದು. ಮಾರ್ಫಿನ್‌ನಿಂದ ಮಲಬದ್ಧತೆ ಆಗಿ ಹೊಟ್ಟೆ ನುಲಿಯುವುದು ಇನ್ನೂ ಜಾಸ್ತಿ. ಔಷಧಿ ಒಂದೇ, ಪದ ಒಂದೇ, ತೊಂದರೆ ಮಾತ್ರ ಎರಡು. ಮರುದಿನ ವಿಡಿಯೋದಲ್ಲಿ ಹುಡುಗ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದು ಕಂಡಾಗಲೇ ಗೊತ್ತಾಯಿತು. ಅಷ್ಟರಲ್ಲಿ ಇನ್ನೊಂದು ರಾತ್ರಿ ನರಳಿ ಆಗಿತ್ತು. ನನಗೆ ಅದು ಈಗಲೂ ಸಂಕಟ.

ಎದುರಿಗಿದ್ದರೆ ಹೊಟ್ಟೆ ಮುಟ್ಟಿ ನೋಡಬಹುದು. ಫೋನಿನಲ್ಲಿ ಇರುವುದು ಮಾತು ಮಾತ್ರ, ಅದೂ ತಾಯಿಯ ಮಾತು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ (ಫೋನು, ವಿಡಿಯೋದಲ್ಲಿ ವೈದ್ಯರು ನೋಡುವುದು) ಮಾರ್ಗಸೂಚಿ ಪ್ರಕಾರ ಮಗುವಿನ ಜೊತೆ ದೊಡ್ಡವರೊಬ್ಬರು ಇರಲೇಬೇಕು. ಮಾರ್ಫಿನ್‌ನಂಥ ಔಷಧಿಯನ್ನು ಫೋನಿನಲ್ಲಿ ಬರೆದುಕೊಡುವಂತೆಯೂ ಇಲ್ಲ. ಅಂದಮೇಲೆ, ಕಾಯಿಲೆ ಮಗುವನ್ನು ಹೊತ್ತುಕೊಂಡು ಬಸ್ಸು ಹತ್ತಬೇಕೋ ಬೇಡವೋ ಅನ್ನೋದು ಕೆಲವೊಮ್ಮೆ ಒಂದು ಪದದ ಮೇಲೆ ನಿಂತಿರುತ್ತದೆ, ಅಲ್ವಾ?

ಮಾತು ಬಾರದ ಕೂಸಿಗೆ ‘ಫ್ಲಾಕ್’ ಅನ್ನುವ ನೋವಿನ ಅಳತೆ ಇದೆ. ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನ ಈ ಐದನ್ನು ನೋಡಿ, ಒಂದೊಂದಕ್ಕೆ 0ಯಿಂದ 2ರವರೆಗೆ ಅಂಕ ಕೊಡುತ್ತಾರೆ. ಒಟ್ಟು 10. ಮೊದಲ ನಾಲ್ಕು ಸುಲಭವಾಗಿ ಕನ್ನಡಕ್ಕೆ ಬಂದವು. ಐದನೆಯದು ಇಂಗ್ಲಿಷಿನಲ್ಲಿ ‘ಕನ್ಸೋಲಬಿಲಿಟಿ’, ಅದಕ್ಕೆ ನಿಘಂಟು ಹಿಡಿದರೆ ‘ಸಾಂತ್ವನ’ ಸಿಗುತ್ತದೆ. ಆ ಪದ ಕೇಳಿದರೆ ನಮಗೆ ಸಾವಿನ ಮನೆ ನೆನಪಾಗುತ್ತದೆ. ಈ ಮನೆಗಳಲ್ಲಿ ಅದು ಬೇಡವೇ ಬೇಡ. ‘ಎತ್ತಿಕೊಂಡರೆ ಸುಮ್ಮನಾಗುತ್ತಾ?’ ಅಂತ ಬರೆದಿದ್ದೇನೆ.

ಇನ್ನು ‘ರಚ್ಚೆ’. ‘ಮಗು ರಚ್ಚೆ ಹಿಡಿದಿದೆ’ ಅಂದರೆ ಕೇಳುವವರು ಹಠ ಅಂದುಕೊಳ್ಳುತ್ತಾರೆ. ನನ್ನ ಕಿವಿಗೆ ಎರಡೂ ಬೇರೆ. ಹಠಕ್ಕೆ ಏನೋ ಒಂದು ಬೇಕು, ಕೊಟ್ಟರೆ ನಿಲ್ಲುತ್ತದೆ. ರಚ್ಚೆಗೆ ಏನು ಕೊಟ್ಟರೂ ಆಗದು. ನಮ್ಮಜ್ಜಿ ಕಿವಿನೋವಿನ ಕೂಸಿಗೂ ರಚ್ಚೆ ಅಂತಲೇ ಹೇಳುತ್ತಿದ್ದರು.

ನಿಮ್ಮನ್ನು ಕೇಳುವುದು ಇಷ್ಟು. ನಿಮ್ಮ ಊರಲ್ಲಿ ಬರೀ ‘ಕಡಿತ’ ಅಂದರೆ ಮೊದಲು ಹೊಳೆಯುವುದು ಯಾವುದು? ಬೀದರ್, ಕಲಬುರಗಿ ಕಡೆಯವರೂ, ಕರಾವಳಿಯವರೂ ದಯವಿಟ್ಟು ಹೇಳಿ. ನೋವಿನಿಂದ ಅಳುವ ಕೂಸಿಗೆ ನಿಮ್ಮಲ್ಲಿ ರಚ್ಚೆ ಅನ್ನುತ್ತಾರಾ, ಅಥವಾ ಅದಕ್ಕೆ ಬೇರೆಯದೇ ಪದ ಇದೆಯಾ? ಮನೆಯ ಹಿರಿಯ ಹೆಂಗಸರನ್ನು ಒಮ್ಮೆ ಕೇಳಿ ನೋಡಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿ, ತಿದ್ದಬೇಡಿ.