ನಮ್ಮ ಶಾಲೆಗೆ ವಯಸ್ಸೆಷ್ಟು?

"ನೂರು ವರ್ಷ ಅಂತ ಹಾಕಿಸಿಬಿಡೋಣ, ಶತಮಾನೋತ್ಸವ ಅಂದ್ರೆ ಎಂಎಲ್‌ಎ ಬರ್ತಾರೆ, ಅನುದಾನನೂ ಸಿಗುತ್ತೆ" ಅಂದ ಮಂಜ. ಅಷ್ಟೇ, ಮಂಡಕ್ಕಿ ಮೆಣಸಿನಕಾಯಿ ತಣ್ಣಗಾಯಿತು.

ನಮ್ಮದು ದಾವಣಗೆರೆ ಊರಂಚಿನ ಸರ್ಕಾರಿ ಶಾಲೆ. ಮೊದಲು ಪ್ರೈಮರಿ, ಆಮೇಲೆ ಕಾಂಪೌಂಡಿನಾಚೆ ಹೈಸ್ಕೂಲು, ಅದರ ಹಿಂದೆ ಪಿಯು ಕಾಲೇಜು. 2018-19ರಲ್ಲಿ ಸರ್ಕಾರ ಇಂಥವನ್ನೆಲ್ಲ ಕೂಡಿಸಿ ಕರ್ನಾಟಕ ಪಬ್ಲಿಕ್ ಸ್ಕೂಲ್ ಮಾಡೋಕೆ ಹೊರಟಿತಲ್ಲ, ಮೊದಲ ವರ್ಷ 176, ಮರುವರ್ಷ ಇನ್ನೂ 100, ಆ ಗುಂಪಲ್ಲಿ ನಮ್ಮದೂ ಸೇರಿಹೋಯಿತು.

"ಹಾಗಾದ್ರೆ ಬೋರ್ಡ್ ಪ್ರಕಾರ ಶಾಲೆ ಮೊನ್ನೆ ಮೊನ್ನೆ ಹುಟ್ಟಿದ್ದು" ಅಂದ ಬಸಣ್ಣ.

"ಲೇ, ನಾನು ಅಕ್ಷರ ಕಲಿತಿದ್ದು ಪ್ರೈಮರೀಲಿ, ಲೆಕ್ಕ ಅಲ್ಲಿಂದಲೇ!"

"ನೀನು ಕಲಿತ ಲೆಕ್ಕ ನಮಗೆ ಗೊತ್ತಿಲ್ವಾ?"

ಬೋರ್ಡ್ ಅಂದ್ರೆ ನೆನಪಾಯ್ತು. ಹಳೇ ಬೋರ್ಡಿನ ಮೇಲೇ ನೀಲಿ ಬಣ್ಣ ಬಳಿದು ಹೊಸ ಹೆಸರು ಬರೆಸಿದ್ದಾರೆ, ಬಿಸಿಲಿಗೆ ಬಣ್ಣ ಚಕ್ಕೆ ಎದ್ದು ಕೆಳಗಿನ 'ಪ್ರೌಢ' ಈಗ 'ಪಬ್ಲಿಕ್' ನಡುವೆ ಇಣುಕುತ್ತಿದೆ. ಗೋಡೆಯನ್ನೂ ಪೂರ್ತಿ ಒಡೆದಿಲ್ಲ, ಒಬ್ಬರು ನುಸುಳುವಷ್ಟು ಸಂದಿ ಬಿಟ್ಟಿದ್ದಾರೆ. ಪ್ರೈಮರಿಯಲ್ಲಿ ಇನ್ನೂ ರೈಲು ಕಂಬಿ ತುಂಡಿಗೆ ಸುತ್ತಿಗೆ ಏಟು, ಆಚೆ ಕರೆಂಟ್ ಬೆಲ್ಲು. ಇಲ್ಲಿ ಊಟದ ಗಂಟೆ ಹೊಡೆದರೆ ಅಲ್ಲಿ ಹತ್ತನೇ ಕ್ಲಾಸಿನವರು ತಟ್ಟೆ ಹಿಡಿದು ಎದ್ದಿರುತ್ತಾರೆ.

ಇನ್ನು ದೊಡ್ಡವರ ಕಥೆ. ಪಿಯು ಪ್ರಾಂಶುಪಾಲರೇ ಎಲ್ಲಕ್ಕೂ ಮೇಲು, ಹೈಸ್ಕೂಲ್ ಹೆಡ್‌ಮಾಸ್ಟರು ಉಪಪ್ರಾಂಶುಪಾಲರಾದರು, ಪ್ರೈಮರಿಯವರು ಮುಖ್ಯ ಶಿಕ್ಷಕರಾಗೇ ಉಳಿದರು. ಚಾಕ್‌ಪೀಸ್ ಬೇಕು ಅಂದ್ರೆ ಯಾರ ಸಹಿ? ಅದೇ ಗೊತ್ತಾಗಲ್ಲ.

"ದುಡ್ಡು ಕೊಡೋ ಯೋಜನೆಗಳೇ ಮರ್ಜ್ ಆಗಿವೆ ಕಣಪ್ಪ" ಅಂದ ಬಸಣ್ಣ. ಅವನು ಮೇಷ್ಟ್ರು, ಸುತ್ತೋಲೆಗಳೆಲ್ಲ ಅವನಿಗೆ ಬಾಯಿಪಾಠ. "ಸರ್ವ ಶಿಕ್ಷಾ, ಮಾಧ್ಯಮಿಕ ಶಿಕ್ಷಾ, ಶಿಕ್ಷಕರ ತರಬೇತಿ, ಮೂರೂ ಸೇರಿ 2018ರಲ್ಲಿ ಸಮಗ್ರ ಶಿಕ್ಷಾ ಆಯ್ತು."

ಅಲ್ಲಿವರೆಗೂ ಸುಮ್ನೆ ಕೂತಿದ್ದ ರೇಣುಕಾ ನಕ್ಕಳು. ಅವಳ ತವರು ಹರಪನಹಳ್ಳಿ. "ಶಾಲೆ ಬಿಡ್ರೋ, ನಿಮ್ಮ ಜಿಲ್ಲೇನೇ ಜೋಡಿಸಿ ಮಾಡಿದ್ದು. 1997ರಲ್ಲಿ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ನಾವು. 2018ರಲ್ಲಿ ನಮ್ಮ ತಾಲ್ಲೂಕು ಟಿಸಿ ತಗೊಂಡು ವಾಪಸ್ ಬಳ್ಳಾರಿಗೆ ಹೋಯ್ತು, 2021ರಲ್ಲಿ ವಿಜಯನಗರಕ್ಕೆ ಅಡ್ಮಿಷನ್ನು. ಊರು ಕದಲಿಲ್ಲ, ಅಡ್ರೆಸ್ ಮಾತ್ರ ಬದಲಾಗ್ತಾನೇ ಇದೆ."

ಇದಕ್ಕೆ ಮಂಜನ ಹತ್ರವೂ ಉತ್ತರ ಇರಲಿಲ್ಲ. ವಿಷಯ ಬದಲಿಸಿ, ಮೂರೂ ಹಳೇ ವಿದ್ಯಾರ್ಥಿ ಸಂಘಗಳನ್ನು ಒಂದು ಮಾಡೋಣ ಅಂದ. ಅಧ್ಯಕ್ಷ ಸ್ಥಾನಕ್ಕೆ ಅಲ್ಲೇ ಮೂವರು ರೆಡಿ. ಖಜಾಂಚಿ ಯಾರು ಅಂದದ್ದೇ ತಡ, ಎಲ್ಲರಿಗೂ ಮನೆಯಿಂದ ಫೋನ್ ಬಂತು.