ರಿಯಾಕ್ಟ್‌ಪಿಎಚ್‌ಪಿ ಸರ್ವರ್‌ನಲ್ಲಿ ಫೋಟೋ ಇರುವ ಫಾರ್ಮ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯ ನಮ್ಮ ಕಾಫಿ ಬೆಳೆಗಾರರಿಗೆ ರಿಯಾಕ್ಟ್‌ಪಿಎಚ್‌ಪಿಯಲ್ಲಿ (ಪಿಎಚ್‌ಪಿ ಭಾಷೆಯಲ್ಲೇ ವೆಬ್ ಸರ್ವರ್ ಬರೆಯಲು ಬಳಸುವ ಲೈಬ್ರರಿ) ಒಂದು ಸಣ್ಣ ವೆಬ್ ಫಾರ್ಮ್ ಮಾಡಿಕೊಟ್ಟಿದ್ದೇನೆ. ಬೆಳಿಗ್ಗೆ ಮಳೆ ಅಳತೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ತುಂಬಬೇಕು. ಕೊಳೆರೋಗ ಕಂಡರೆ ಎಲೆಯ ಫೋಟೋ ಸೇರಿಸಬೇಕು.

ಬರೀ ಅಳತೆ ಕಳಿಸಿದರೆ ಗೆಟ್‌ಪಾರ್ಸ್ಡ್‌ಬಾಡಿಯಲ್ಲಿ (ಫಾರ್ಮ್‌ನಲ್ಲಿ ತುಂಬಿದ್ದನ್ನು ಓದಿಕೊಡುವ ಫಂಕ್ಷನ್) 2 ಇಂಚು 35 ಸೆಂಟು ಅಂತ ಸರಿಯಾಗಿ ಸಿಗುತ್ತದೆ. ಫೋಟೋ ಸೇರಿಸಿದ ಕೂಡಲೇ ಅಳತೆಯೂ ಮಾಯ! ಎರರ್ ಇಲ್ಲ, ಸ್ಟೇಟಸ್ 200, ಅಂದರೆ ಎಲ್ಲ ಸರಿ ಅಂತಲೇ ಉತ್ತರ. ಕಳಿಸಿದವರು ತಲುಪಿತು ಅಂದುಕೊಳ್ಳುತ್ತಾರೆ, ಇಲ್ಲಿ ಆ ದಿನದ ಲೆಕ್ಕವೇ ಹೋಗಿರುತ್ತದೆ. ತುಂಬಾ ಬೇಜಾರಾಗುತ್ತದೆ.

ಕಾರಣ ಸಿಕ್ಕಿದೆ. ಬಾಡಿ (ಫಾರ್ಮ್ ಕಳಿಸುವ ಒಟ್ಟು ಮಾಹಿತಿ) 64 ಕಿಲೋಬೈಟ್ ದಾಟಿದರೆ ಸರ್ವರ್ ಅದನ್ನು ಸುಮ್ನೆ ಬಿಟ್ಟು, ಖಾಲಿ ಬಾಡಿ ಕೊಡುತ್ತದೆ. ಪಿಎಚ್‌ಪಿ ಸೆಟ್ಟಿಂಗ್‌ನಲ್ಲಿ ಪೋಸ್ಟ್ ಮ್ಯಾಕ್ಸ್ ಸೈಜ್ (ಬಾಡಿಯ ಗಾತ್ರದ ಮಿತಿ) ಏರಿಸಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಮಿಡಲ್‌ವೇರ್‌ಗಳನ್ನು (ರಿಕ್ವೆಸ್ಟ್ ನಮ್ಮ ಕೋಡ್‌ಗೆ ತಲುಪುವ ಮುಂಚೆ ಹಾದುಹೋಗುವ ಹಂತಗಳು) ನಾನೇ ಜೋಡಿಸಿದೆ: ಮೊದಲು ಸ್ಟ್ರೀಮಿಂಗ್ ರಿಕ್ವೆಸ್ಟ್ ಮಿಡಲ್‌ವೇರ್, ಆಮೇಲೆ ಬಾಡಿಯನ್ನು ಮೆಮೊರಿಯಲ್ಲಿ ಕೂಡಿಡುವ 8 ಎಂಬಿ ಬಫರ್, ಆಮೇಲೆ ಅದನ್ನು ಬಿಡಿಸಿ ಓದುವ ಬಾಡಿ ಪಾರ್ಸರ್. ಈಗ ಫೋಟೋ, ಅಳತೆ ಎರಡೂ ಬರುತ್ತಿವೆ.

ಸಿಕ್ಕಿಕೊಂಡಿರುವುದು ಮುಂದೆ. ಎಲ್ಲಾ ರಿಕ್ವೆಸ್ಟ್‌ಗೂ ಒಂದೇ ಪ್ರೋಸೆಸ್, ಮೆಮೊರಿ ಮಿತಿ 128 ಎಂಬಿ. ಮಳೆಗಾಲದಲ್ಲಿ ಇಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಗೊತ್ತಲ್ವಾ? ಎಲ್ಲರೂ ಬೆಳಿಗ್ಗೆ ಒಟ್ಟಿಗೇ ಕಳಿಸುತ್ತಾರೆ, ಅರ್ಧ ಬಂದ ಫೋಟೋಗಳು ಮೆಮೊರಿಯಲ್ಲೇ ಕೂತಿರುತ್ತವೆ. ಬಫರ್‌ಗೆ ಮುಂಚೆ, ಒಂದೇ ಸಲಕ್ಕೆ ಇಷ್ಟೇ ರಿಕ್ವೆಸ್ಟ್ ಅಂತ ಮಿತಿ ಹಾಕುವ ಲಿಮಿಟ್ ಕನ್‌ಕರೆಂಟ್ ರಿಕ್ವೆಸ್ಟ್ಸ್ ಮಿಡಲ್‌ವೇರ್ ಹಾಕಿದರೆ ಮೆಮೊರಿ ಉಳಿಯುತ್ತದೆ, ಆದರೆ ನಿಧಾನವಾಗಿ ಬರುವ ಫೋಟೋಗಳ ಹಿಂದೆ ಬರೀ ಅಳತೆ ಕಳಿಸಿದವರೂ ಕಾಯಬೇಕಾಗುತ್ತದೆ.

ಅಳತೆಗೆ ಒಂದು, ಫೋಟೋಗೆ ಒಂದು ಅಂತ ಎರಡು ಪೋರ್ಟ್‌ಗಳಲ್ಲಿ ಬೇರೆ ಬೇರೆ ಪ್ರೋಸೆಸ್ ಓಡಿಸುವುದು ಸರಿಯೇ? ಅಥವಾ ಒಂದೇ ಸರ್ವರ್‌ನಲ್ಲಿ ಫೋಟೋಗೆ ಮಾತ್ರ ಮಿತಿ ಹಾಕುವ ದಾರಿ ಇದೆಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.